ಪಂಪು ಕೊಳ್ಳಲು ಹೋದರೆ ಹೊಲ ಕೇಳಿದರು

ಗೆಳೆಯರೇ, ನಮ್ಮ ಮೀನಿನ ದೋಣಿ ತೊಳೆಯುವ ಪುಟ್ಟ ಬ್ಯಾಟರಿ ಪಂಪು ಸುಟ್ಟುಹೋಗಿದೆ. ಹೊಸದನ್ನು ತರಲು ಇವತ್ತು ಅಪ್ಪನ ಜೊತೆ ಶಹಾಪುರಕ್ಕೆ ಹೋಗಿದ್ದೆ. ನಾವು ಬಾಯಿ ತೆರೆಯುವ ಮೊದಲೇ ಅಂಗಡಿಯವರು ಕೇಳಿದರು, “ಹೊಲ ಎಷ್ಟು ಎಕರೆ ಅದರಿ?”

ಕಾಲುವೆ ಬಂದ ಮೇಲೆ ಇಲ್ಲಿ ಪಂಪು ಕೊಳ್ಳುವವರಿಗೆಲ್ಲ ಇದೇ ಮೊದಲ ಪ್ರಶ್ನೆ.

“ಹೊಲಕ್ಕಲ್ರಿ, ದೋಣಿಗಿ. ಮೀನಿನ ಲೋಳಿ ತೊಳಿಯಾಕ,” ಎಂದೆ ನಾನು.

ಕೇಳಿಸಿಕೊಳ್ಳುವ ವ್ಯವಧಾನ ಅವರಿಗೆಲ್ಲಿ? ದೊಡ್ಡದೊಂದು ಮೋಟಾರು ತೋರಿಸಿ, “ಇದನ್ನ ಹಚ್ಚಿ ನೋಡ್ರಿ, ಭತ್ತಕ್ಕ ನೀರು ಕಡಿಮಿ ಬೀಳಂಗಿಲ್ಲ,” ಎಂದರು.

ಅಪ್ಪ ಕರುವಿನ ಬೆನ್ನು ಸವರುವಂತೆ ಆ ಮೋಟಾರಿನ ಮೇಲೆ ಕೈಯಾಡಿಸಿದ. “ನಾಕ್ ಎಕರೆ ಅದರಿ. ಎರಿ ಭೂಮಿ. ಬದುವಿನ ಮ್ಯಾಲ ಬೇವಿನ ಗಿಡ,” ಎಂದ.

“ಎಲ್ಲಿ ಬರ್ತದರಿ ಹೊಲ?”

“ಡ್ಯಾಮಿನ ಹಿನ್ನೀರಿನ ಬುಡಕ. ದಿನಾ ಅದರ ಮ್ಯಾಲೇ ಮೀನಿಗಿ ಬಲಿ ಬಿಡ್ತೀನ್ರಿ.”

ಅಂಗಡಿಯವರು ದೋಣಿಯ ಪಂಪು ತೆಗೆದುಕೊಟ್ಟರು. ಹೊಲದ ಮೇಲೆ ಇಡೀ ಹೊಳೆಯೇ ನಿಂತಿದೆ. ಆದರೂ ಮೆಟ್ಟಿಲಿಳಿಯುವಾಗ ಅಪ್ಪ ಹಿಂತಿರುಗಿ ನೋಡಿದ್ದು ನೀರುಣಿಸುವ ಆ ದೊಡ್ಡ ಮೋಟಾರನ್ನೇ.