ತುದಿ ಒಳಗೆ ಮಡಚಿದ ಗಂಟು

ಬೀದಿಯವರಿಗೆಲ್ಲ ಅವಳು ಸ್ಪ್ಯಾನರಕ್ಕ. ಹೆಸರಿಟ್ಟ ಪುಣ್ಯಾತ್ಮರು ಯಾರೋ, ಅಂಟಿಕೊಂಡುಬಿಟ್ಟಿತು. ಅಪ್ಪನ ಗ್ಯಾರೇಜಿನಲ್ಲಿ ಗಾಡಿಗಳ ಕೆಳಗೆ ಮಲಗಿಯೇ ಬೆಳೆದವಳು. ಮೊದಲು ಕಲಿತದ್ದು ತಂತಿ ಕಟ್ಟುವುದನ್ನು. ಬಿಚ್ಚಿದ ವೈರು ಯಾವುದೇ ಇರಲಿ, ಜೋತಾಡಲು ಬಿಡದೆ ಎರಡು ಸುತ್ತು ತಾಮ್ರದ ತಂತಿ ಸುತ್ತಿ, ತುದಿಯನ್ನು ಒಳಗೆ ಮಡಚಬೇಕು. "ನಾಳೆ ಅಲ್ಲಿ ಕೈ ಹಾಕೋನಿಗೆ ಚುಚ್ಚಬಾರ್ದು" ಎಂದು ಹೇಳಿ ಹೇಳಿ, ಬೈದು ಬೈದು ಅಪ್ಪ ಕಲಿಸಿದ್ದ. ಹಾಗೆ ಪಳಗಿದ ಕೈ. ಬಾಯಿ ಅದಕ್ಕಿಂತ ಚುರುಕು, ಕೋಪ ಮೂಗಿನ ತುದಿಯಲ್ಲೇ. ಗ್ಯಾರೇಜಿನ ಬೀಗದಕೈ ಗೊಂಚಲು ಇವತ್ತಲ್ಲ ನಾಳೆ ತನ್ನ ಕೈಗೇ ಬರುತ್ತದೆ ಎಂಬುದರಲ್ಲಿ ಅವಳಿಗೆ ಸಂಶಯವೇ ಇರಲಿಲ್ಲ. ತಂಗಿಯ ಮದುವೆಯಾಗುವವರೆಗೆ.

ತಂಗಿಯ ಗಂಡ ದೊಡ್ಡ ಶೋರೂಮಿನಲ್ಲಿ ಕೆಲಸ ಮಾಡಿ ಬಂದವನು. ಬರುವಾಗ ಗಾಡಿಯ ದೋಷ ಹುಡುಕುವ ಅಂಗೈಯಗಲದ ಸ್ಕ್ಯಾನರ್ ಒಂದನ್ನು ಹಿಡಿದುಕೊಂಡೇ ಬಂದ. ಅಪ್ಪನಿಗೆ ಅಳಿಯ ಅಂದರೆ ಮುಗಿಯಿತು. ಅಳಿಯಂದಿರು ಕಾಫಿ ಕುಡಿದರಾ, ಅಳಿಯಂದಿರ ಕಡೆ ಫ್ಯಾನ್ ತಿರುಗಿಸು. ಮಗಳು ಬೆವರಿನಲ್ಲಿ ತೊಯ್ದು ತೊಪ್ಪೆಯಾಗಿದ್ದರೂ ಫ್ಯಾನಿನ ಮುಖ ಅಳಿಯನ ಕಡೆಗೇ. ಅವನು ಒಳ್ಳೆಯವನಾಗಿದ್ದದ್ದು ಇನ್ನೊಂದು ಕಷ್ಟ. ಕೆಟ್ಟವನಾಗಿದ್ದರೆ ಬೈದು ಹಗುರಾಗಬಹುದಿತ್ತು. "ಅತ್ತಿಗೆ, ಅತ್ತಿಗೆ" ಎಂದು ಬಾಯ್ತುಂಬ ಕರೆಯುವವನನ್ನು ಬೈಯುವುದಾದರೂ ಹೇಗೆ? ಮುಂದಿನ ತಿಂಗಳಿಂದ ಗೊಂಚಲು ಯಾರ ಕೈಗೆ ಅಂತ ಹೇಳಿಬಿಡುತ್ತೇನೆ ಎಂದು ಅಪ್ಪ ಊಟಕ್ಕೆ ಕೂತಾಗ ಅಂದದ್ದೇ ತಡ, ಅವಳು ತಟ್ಟೆ ಬಿಟ್ಟು ಎದ್ದಳು.

ಅಂಥ ಹೊತ್ತಿನಲ್ಲೇ ಅಪ್ಪನ ಹಳೇ ಕಾರಿನಲ್ಲಿ ಎಂಜಿನ್ ದೀಪ ಹತ್ತಿಕೊಂಡಿತು. ಸ್ಟೀರಿಂಗಿನ ಹಿಂದೆ ಹಳದಿ ಬಣ್ಣದ ಪುಟ್ಟ ಎಂಜಿನ್ ಚಿತ್ರ. ಗಾಡಿ ಓಡುತ್ತಿತ್ತು, ಆದರೆ ಪೆಟ್ರೋಲ್ ಕುಡಿಯುವುದು ಹೆಚ್ಚಾಗಿತ್ತು, ನಿಂತಲ್ಲಿ ಸಣ್ಣಗೆ ನಡುಗುತ್ತಿತ್ತು.

"ಪ್ಲಗ್ ಅಪ್ಪ, ಇನ್ನೇನೂ ಅಲ್ಲ," ಅಂದಳು ಸ್ಪ್ಯಾನರಕ್ಕ. ಯಾರೂ ಕೇಳುವ ಮೊದಲೇ ಬಾನೆಟ್ ಎತ್ತಿ ಪ್ಲಗ್‌ಗಳನ್ನೆಲ್ಲ ಬದಲಾಯಿಸಿದಳು. ದೀಪ ಜಪ್ಪಯ್ಯ ಅನ್ನಲಿಲ್ಲ.

"ಇರ್ಲಿ ಬಿಡು, ಅಳಿಯಂದಿರು ನೋಡ್ತಾರೆ," ಅಂದ ಅಪ್ಪ. ಅವಳಿಗೆ ಮೈಯೆಲ್ಲ ಉರಿದುಹೋಯಿತು.

ಅಳಿಯ ಸ್ಕ್ಯಾನರ್ ಸಿಕ್ಕಿಸಿದ. ಅದು ದೋಷದ ಕೋಡ್ ಒಂದನ್ನು ತೋರಿಸಿ, ಹೊಗೆ ಕೊಳವೆಯ ಮೇಲೆ ಕೂತು ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್ ಕಡೆಗೆ ಬೊಟ್ಟು ಮಾಡಿತು. ಇವನು ಕಣ್ಣುಮುಚ್ಚಿಕೊಂಡು ಸೆನ್ಸರ್ ಬದಲಾಯಿಸಲಿ, ದೀಪ ಮತ್ತೆ ಹತ್ತಲಿ, ಮುಖಕ್ಕೆ ಮಂಗಳಾರತಿಯಾಗಲಿ ಎಂದು ಅವಳು ಮನಸ್ಸಿನಲ್ಲೇ ಹರಸಿದಳು. ಹಾಳಾದವನು ಅದನ್ನೂ ಮಾಡಲಿಲ್ಲ.

"ಕೋಡ್ ಬಂದ ಮಾತ್ರಕ್ಕೆ ಸೆನ್ಸರೇ ಕೆಟ್ಟಿದೆ ಅನ್ನೋಕಾಗಲ್ಲ ಅತ್ತಿಗೆ," ಎಂದು ಮೊದಲು ವೈರು ತಡಕಿದ. ಕೊಳವೆ ಎಲ್ಲಾದರೂ ಸೋರುತ್ತಿದೆಯೇ ಎಂದು ನೋಡಿದ. ಎಂಜಿನ್ ಬಿಸಿಯಾದ ಮೇಲೆ ಸ್ಕ್ಯಾನರಿನ ಪರದೆ ತೋರಿಸಿದ. ಏರಿಳಿಯುತ್ತಿರಬೇಕಾದ ಸೆನ್ಸರಿನ ಅಂಕಿ ಅಲ್ಲಾಡದೆ ನಿಂತಿತ್ತು. ಆಮೇಲಷ್ಟೇ ಹೊಸ ಸೆನ್ಸರ್ ಹಾಕಿದ. ದೀಪ ಆರಿತು, ನಡುಕವೂ ನಿಂತಿತು.

"ನೋಡಿದ್ಯಾ? ಕೆಲಸ ಅಂದ್ರೆ ಹಿಂಗಿರ್ಬೇಕು," ಅಂದ ಅಪ್ಪ, ಮಗಳ ಕಡೆ ತಿರುಗಿ.

ಆ ಒಂದು ಮಾತು ಕೇಳಲೆಂದೇ ಅವಳು ಚಿಕ್ಕಂದಿನಿಂದ ಮೈ ಕೈ ಮಸಿ ಮಾಡಿಕೊಂಡಿದ್ದಳು. ಅಪ್ಪ ಅದನ್ನು ಅವಳಿಗೆ ಒಮ್ಮೆಯೂ ಅಂದಿರಲಿಲ್ಲ. ಇವನಿಗೆ ಬಂದ ಹೊಸದರಲ್ಲೇ ಅಂದುಬಿಟ್ಟ. ಹೊಟ್ಟೆಕಿಚ್ಚು ಅನ್ನುವುದು ಬರೀ ಮಾತಲ್ಲ, ನಿಜವಾಗಿಯೂ ಹೊಟ್ಟೆಯಲ್ಲೇ ಉರಿಯುತ್ತದೆ ಎಂದು ಅವಳಿಗೆ ಅವತ್ತು ಗೊತ್ತಾಯಿತು.

ಮರುದಿನ ಮಾವ ಅಳಿಯ ಇಬ್ಬರೂ ಊಟಕ್ಕೆ ಹೋದಾಗ ಅವಳು ಕಾರಿನ ಕೆಳಗೆ ತೂರಿದಳು. ಸೆನ್ಸರಿನ ವೈರನ್ನು ಅದರ ಜೋಡಣೆಯಿಂದ ಕಿತ್ತಳು. ಕಿತ್ತದ್ದು, ಗಾಡಿ ಓಡಿದರೆ ಕಾಯುವ ಹೊಗೆ ಕೊಳವೆಯ ಮೇಲೆ ಜೋತುಬಿತ್ತು. ಸುಟ್ಟುಹೋಗುತ್ತದಲ್ಲ ಎಂದು ಜೇಬಿನ ತಂತಿ ತೆಗೆದು, ಪಕ್ಕಕ್ಕೆ ಎಳೆದು ಕಟ್ಟಿ, ಏನೂ ಅರಿಯದವಳಂತೆ ಕೈ ತೊಳೆದುಕೊಂಡಳು.

ಸಂಜೆ ಅಪ್ಪ ಕಾರಿನಲ್ಲಿ ಒಂದು ಸುತ್ತು ಹೋಗಿಬಂದಾಗ ದೀಪ ಮತ್ತೆ ಉರಿಯುತ್ತಿತ್ತು.

"ಏನ್ರೀ ಭಾರಿ ಮೇಸ್ತ್ರಿಗಳೇ, ಹೊಸ ಸೆನ್ಸರ್ ಹಳೇದಾಗೋಯ್ತಾ?" ಅಂದಳು ಸ್ಪ್ಯಾನರಕ್ಕ. ಅಳಿಯನ ಮುಖ ಹುಳ್ಳಗಾಯಿತು. "ಮಾವ, ನಾನೇ ಏನೋ ಎಡವಟ್ಟು ಮಾಡಿರ್ಬೇಕು, ಇನ್ನೊಂದ್ಸಲ ನೋಡ್ತೀನಿ," ಎಂದು ಸ್ಕ್ಯಾನರ್ ತರಲು ಒಳಗೆ ಹೋದ. ಆ ಮುಖ ನೋಡಿ ಅವಳಿಗೆ ತಂಪಾಯಿತು, ಸುಳ್ಳೇಕೆ.

ಅಷ್ಟರಲ್ಲಿ ಯಾರೂ ಎಣಿಸದ ಕೆಲಸ ಮಾಡಿದವನು ಅಪ್ಪ. ಮಂಡಿನೋವು ಶುರುವಾದ ಮೇಲೆ ಗಾಡಿಯ ಕೆಳಗೆ ಮಲಗುವುದನ್ನೇ ಬಿಟ್ಟಿದ್ದವನು ಗೋಣಿಚೀಲ ಹಾಸಿ, ಟಾರ್ಚ್ ಹಿಡಿದು ಕಾರಿನ ಕೆಳಗೆ ಸರಿದ. ಬಹಳ ಹೊತ್ತು ಹೊರಗೆ ಬರಲಿಲ್ಲ. ಬಂದವನು ಮಗಳ ಮುಖವನ್ನೇ ನೋಡಿದ.

"ಅಳಿಯಂದಿರು ವೈರು ಕಟ್ಟೋದು ಪ್ಲಾಸ್ಟಿಕ್ ಪಟ್ಟಿಯಲ್ಲಿ," ಅಂದ ಮೆಲ್ಲಗೆ. "ತುದಿ ಒಳಗೆ ಮಡಚಿ ತಂತಿ ಕಟ್ಟೋರು ಇಲ್ಲಿರೋದು ಇಬ್ಬರೇ. ನಾನಂತೂ ಕಟ್ಟಿಲ್ಲ."

ಅವಳು ಜೇಬಿನಲ್ಲಿದ್ದ ತಂತಿಯನ್ನು ಇನ್ನಷ್ಟು ಒಳಗೆ ತಳ್ಳಿದಳು.

"ಕೆಡಿಸೋಕೆ ಹೋದೋಳು ಕಟ್ಟಿ ಯಾಕಿಟ್ಟೆ?"

"ಸುಟ್ಟುಹೋಗುತ್ತಲ್ಲ ಅಪ್ಪ."

ಅಪ್ಪ ಗೋಣಿಚೀಲ ಕೊಡವಿ ಮಡಚಿಟ್ಟ. "ನಿನ್ನಂಥ ಕೈ ನಾನು ಇನ್ನೊಬ್ಬರದ್ದು ನೋಡಿಲ್ಲ ಕಣೇ. ಗೊಂಚಲು ನಿಂಗೇ ಅಂತ ಇದ್ದೆ. ಅಳಿಯಂದಿರನ್ನ ಹೊಗಳಿದ್ದು ಅವರು ಹೊರಗಿನಿಂದ ಬಂದೋರು ಅಂತ. ನಿನ್ನನ್ನ ಹೊಗಳೋದೇನು, ನೀನು ನಾನೇ ಅಲ್ವಾ ಅಂದ್ಕೊಂಡಿದ್ದೆ." ಆಮೇಲೆ ಅಂದ: "ಜನ ನಮ್ಮನ್ನ ನಂಬಿ ಇಲ್ಲಿ ಗಾಡಿ ಬಿಟ್ಟು ನೆಮ್ಮದಿಯಾಗಿ ಮನೆಗೆ ಹೋಗ್ತಾರೆ. ಬೇಕಂತ ವೈರು ಕಿತ್ತ ಕೈಗೆ ಗೊಂಚಲು ಹೇಗೆ ಕೊಡ್ಲಿ?"

ಅಳಿಯ ಸ್ಕ್ಯಾನರ್ ಹಿಡಿದು ಹೊರಗೆ ಬಂದ.

"ನಿಮ್ಮ ತಪ್ಪೇನೂ ಇಲ್ಲ ಬಿಡಿ," ಅಂದ ಅಪ್ಪ ಅವನಿಗೆ. "ನಾನೇ ನೋಡೋಕೆ ಬಿಚ್ಚಿದ್ದೆ, ಸಿಕ್ಕಿಸೋದು ಮರೆತೆ. ವಯಸ್ಸಾಯ್ತು ನೋಡಿ. ಮುಂದಿನ ತಿಂಗಳು ಯಾಕೆ, ನಾಳೆಯಿಂದಲೇ ಬೀಗದಕೈ ನಿಮ್ಮ ಹತ್ರ ಇರ್ಲಿ." ಆಮೇಲೆ ಮಗಳ ಕಡೆ ನೋಡದೆ ಅಂದ: "ಆ ತಂತಿ ಗಂಟು ಹಾಕೋದನ್ನ ಇವರಿಗೂ ಹೇಳಿಕೊಡು."

ವೈರು ಸಿಕ್ಕಿಸಿದರು, ಸ್ಕ್ಯಾನರ್ ಹಚ್ಚಿ ದೀಪ ಆರಿಸಿದರು. ಅವಳು ಜೇಬಿನಿಂದ ತಂತಿ ತೆಗೆದಳು. ಎರಡು ಸುತ್ತು, ತುದಿ ಒಳಗೆ. ಅಳಿಯ ಒಂದೇ ಸಲ ನೋಡಿ, ಬೇರೊಂದು ವೈರಿಗೆ ತಾನೂ ಕಟ್ಟಿದ.

"ಸರಿ ಇದೆಯಾ ಅತ್ತಿಗೆ?"

ಎಲ್ಲಾದರೂ ಚುಚ್ಚಲಿ ಎಂದು ಅವಳು ಗಂಟಿನ ಮೇಲೆ ಬೆರಳಾಡಿಸಿದಳು. ಇನ್ನೊಮ್ಮೆ, ಒತ್ತಿ ಆಡಿಸಿದಳು. ಎಲ್ಲೂ ಚುಚ್ಚಲಿಲ್ಲ.

"ಸರಿ ಇದೆ," ಅಂದಳು.