ಬಲಕ್ಕೆ ಇಟ್ಟ ಮಾತು

ಗಾಲ್ಫ್ ಆಡಿ ಹೊಟ್ಟೆ ಹೊರೆಯುತ್ತೇನೆ ಎಂದರೆ ನಮ್ಮ ಅಂಕೋಲೆಯ ಕಡೆ ಅರ್ಧ ಜನ ನಂಬುತ್ತಿರಲಿಲ್ಲ. ನಂಬಿದ ಇನ್ನರ್ಧ ಜನ ಅದನ್ನೊಂದು ಸರಕಾರಿ ನೌಕರಿ ಎಂದುಕೊಂಡಿದ್ದರು. ದೊಡ್ಡ ಸಾಹೇಬರ ಆಟ ಅಂದಮೇಲೆ ಆಡುವವನಿಗೆ ಕ್ವಾರ್ಟರ್ಸು, ಪಿಂಚಣಿ ಇಲ್ಲದೆ ಇರುತ್ತದೆಯೇ ಎಂಬುದು ಅವರ ತರ್ಕ. ಟೂರ್ನಿ ಮುಗಿಸಿ ಕಾರವಾರದಲ್ಲಿ ರೈಲಿಳಿದು ಊರಿನ ಬಸ್ಸು ಹತ್ತಿದರೆ ಕಂಡಕ್ಟರನ ಕಣ್ಣು ಮೊದಲು ನನ್ನ ಉದ್ದನೆಯ ಚೀಲದ ಮೇಲೆ ಬೀಳುತ್ತಿತ್ತು.

"ಇದ್ರಲ್ಲಿ ಎಂತಾ ಅದೆ?" ಎಂದು ಒಬ್ಬ ಒಮ್ಮೆ ಕೇಳಿದ.

"ಚೆಂಡು ಹೊಡೆಯೋ ಕೋಲು," ಎಂದೆ.

"ಒಬ್ಬಂಗೆ ಇಷ್ಟೊಂದ್ ಕೋಲು ಎಂತಕ್ಕೆ? ಮುರೀತದಾ?"

ಮುರೀತದೆ ಎಂದೆ. ಸುಳ್ಳೇನೂ ಅಲ್ಲ. ಸಿಟ್ಟು ನನಗೆ ಯಾವಾಗಲೂ ಮೂಗಿನ ತುದಿಯಲ್ಲೇ ಇರುತ್ತಿತ್ತು. ಇನ್ನೇನು ಕುಳಿಗೆ ಬಿತ್ತು ಎನ್ನುವಾಗ ಚೆಂಡು ಅಂಚು ಸವರಿಕೊಂಡು ಆಚೆ ಹೋದರೆ ಕೈಯಲ್ಲಿದ್ದ ಕೋಲು ಮೊಣಕಾಲಿಗೆ ಬಡಿದು ಎರಡು ತುಂಡಾಗುತ್ತಿತ್ತು. ಟೂರ್ನಿಯ ಮೇಲಿನವರಿಂದ ಬೈಸಿಕೊಳ್ಳುತ್ತಿದ್ದೆ, ತಪ್ಪಾಯಿತು ಎನ್ನುತ್ತಿದ್ದೆ, ಮುಂದಿನ ಟೂರ್ನಿಯಲ್ಲಿ ಮತ್ತೆ ಅದನ್ನೇ ಮಾಡುತ್ತಿದ್ದೆ.

ಈ ಆಟ ನನಗೆ ಅಂಟಿದ್ದು ಅಪ್ಪನ ನೌಕರಿಯ ದೆಸೆಯಿಂದ. ಅಪ್ಪ ಘಟ್ಟದ ಮೇಲಿನ ಒಂದು ಕಾರ್ಖಾನೆಯಲ್ಲಿ ಗುಮಾಸ್ತರಾಗಿದ್ದರು. ಅಲ್ಲಿನ ಕಾಲೊನಿಯಲ್ಲಿ ಅಧಿಕಾರಿಗಳಿಗೆಂದು ಒಂಬತ್ತು ಕುಳಿಗಳ ಸಣ್ಣ ಗಾಲ್ಫ್ ಮೈದಾನವಿತ್ತು. ಮಧ್ಯಾಹ್ನ ಅಧಿಕಾರಿಗಳೆಲ್ಲ ಆಫೀಸಿನಲ್ಲಿರುವಾಗ ನೌಕರರ ಮಕ್ಕಳು ಅದರೊಳಗೆ ಹೊಕ್ಕರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಉಳಿದವರು ಅಲ್ಲಿ ಕ್ರಿಕೆಟ್ ಆಡಿದರು. ನಾನು ಯಾರೋ ಬೇಡವೆಂದು ಬಿಟ್ಟ ಕೋಲೊಂದನ್ನು ಹಿಡಿದೆ, ಹಿಡಿದವನು ವಯಸ್ಸು ಇಪ್ಪತ್ತು ದಾಟಿದ ಮೇಲೂ ಬಿಡಲಿಲ್ಲ. ಕೊನೆಗೆ ಅದೇ ಹೊಟ್ಟೆಪಾಡಾಯಿತು. ಅಪ್ಪ ಆಡು ಎಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ನಿವೃತ್ತಿಯಾಗಿ ನಮ್ಮೂರು ಭಾವಿಕೇರಿಗೆ ಮರಳಿ ಗದ್ದೆ, ಶೇಂಗಾ ಎಂದು ಅದರಲ್ಲೇ ಮುಳುಗಿದ ಮೇಲೂ ನನ್ನ ವೃತ್ತಿಯ ಬಗ್ಗೆ ಅವರು ಕೇಳುತ್ತಿದ್ದ ಪ್ರಶ್ನೆ ಒಂದೇ.

"ಅದ್ರಲ್ಲಿ ಪಿ.ಎಫ್. ಅದೆಯೋ?"

ಆಚೆ ಮನೆಯ ದೊಡ್ಡಪ್ಪ ಮಾತ್ರ ನನ್ನ ದೊಡ್ಡ ಅಭಿಮಾನಿ. ಅಂಕೋಲೆ ಪೇಟೆಗೆ ಹೋದಾಗ ಅಲ್ಲಿನ ವಾಚನಾಲಯದಲ್ಲಿ ಪತ್ರಿಕೆ ತಿರುವಿ, ಕ್ರೀಡಾಪುಟದ ತಳದಲ್ಲಿ ಇರುವೆಯಂಥ ಅಕ್ಷರಗಳಲ್ಲಿ ನನ್ನ ಅಂಕೆ ಹುಡುಕಿ ಬರುತ್ತಿದ್ದರು. ಒಂದು ಸಲ ನಾನು ಮನೆಯಲ್ಲಿದ್ದಾಗಲೇ ಜಗಲಿಗೆ ಬಂದು ಎಲ್ಲರೆದುರು ಸಾರಿದರು.

"ಆ ಉತ್ತರದವಂದು ಅರವತ್ತೊಂಬತ್ತೇ ಅಂತೆ. ನಮ್ಮವಂದು ಎಪ್ಪತ್ತಾರು. ಸಣ್ ಮಾತಲ್ಲ."

ಗಾಲ್ಫಿನಲ್ಲಿ ಕಡಿಮೆ ಹೊಡೆತಕ್ಕೆ ಮುಗಿಸಿದವನೇ ಗೆದ್ದವನು. ಎಪ್ಪತ್ತಾರು ಹೊಡೆದ ನಾನು ಅಲ್ಲಿಂದ ಗಂಟುಮೂಟೆ ಕಟ್ಟಿ ಬಂದಿದ್ದೆ. ಅದನ್ನು ಬಿಡಿಸಿ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅಪ್ಪ ನನ್ನ ತೋಳು ಹಿಡಿದು ಹಿತ್ತಿಲಿಗೆ ಕರೆದೊಯ್ದರು.

"ಎಂತಕ್ಕೆ ಹೇಳೂಕೆ ಹೋಗ್ತೆ? ಖುಷಿಯಲ್ಲಿ ಇದ್ದಾರೆ, ಇರ್ಲಿ."

ಅಂದರೆ ಅಪ್ಪನಿಗೆ ಲೆಕ್ಕ ಗೊತ್ತಿತ್ತು. ಗೊತ್ತಿದ್ದೇ ಪಿ.ಎಫ್. ಕೇಳುತ್ತಾರೆ ಎಂದಮೇಲೆ ಇವರಿಗೆ ನಾನು ಆಟ ಬಿಡಬೇಕಾಗಿದೆ ಎಂದು ನಾನು ತೀರ್ಮಾನಿಸಿಕೊಂಡೆ. ಆ ತೀರ್ಮಾನವನ್ನು ಎಷ್ಟೋ ವರ್ಷ ಹೊಟ್ಟೆಯಲ್ಲಿಟ್ಟುಕೊಂಡು ಅವರ ಮೇಲೆ ಉರಿಯುತ್ತಿದ್ದೆ.

ಎರಡು ಸಾವಿರದ ದಶಕ ಅರ್ಧ ಕಳೆದ ಮೇಲೆ ಒಂದು ವರ್ಷ ನನ್ನ ಕಾರ್ಡು ಹೋಯಿತು. ವೃತ್ತಿಪರ ಟೂರಿನಲ್ಲಿ, ಎಂದರೆ ಊರೂರು ಸುತ್ತುವ ಟೂರ್ನಿಗಳ ಸರಣಿಯಲ್ಲಿ, ಆಡಲು ಒಂದು ಕಾರ್ಡು ಬೇಕು. ವರ್ಷವಿಡೀ ತಕ್ಕಮಟ್ಟಿಗೆ ಆಡಿದರೆ ಅದು ಕೈಯಲ್ಲಿ ಉಳಿಯುತ್ತದೆ. ಇಲ್ಲವಾದರೆ ಹೊಸ ವರ್ಷಕ್ಕೆ ಮುಂಚೆ ಹೊಸ ಹುಡುಗರ ಜತೆ ಸಾಲಿನಲ್ಲಿ ನಿಂತು, ಅರ್ಹತಾ ಪಂದ್ಯ ಆಡಿ, ಮತ್ತೆ ಪಡೆಯಬೇಕು. ಅದೇ ಹೊತ್ತಿಗೆ ಪುಣೆಯ ಕಡೆಯ ಒಂದು ಕ್ಲಬ್ಬಿನವರು ತರಬೇತುದಾರನಾಗಿ ಬರುತ್ತೀಯಾ ಎಂದು ಕೇಳಿದರು. ತಿಂಗಳ ಸಂಬಳ, ಇರಲು ಮನೆ, ಕೊನೆಗೂ ಒಂದು ಪಿ.ಎಫ್. ಆದರೆ ಅಲ್ಲಿ ಸೇರಿದರೆ ಟೂರು ಮುಗಿದಂತೆ. ಕಲಿಸುವುದು, ಆಡುವುದು ಎರಡೂ ಒಟ್ಟಿಗೆ ಆಗದು ಎಂದು ಅವರು ಮೊದಲೇ ಹೇಳಿದ್ದರು. ವಾರದೊಳಗೆ ಉತ್ತರ ಬೇಕು ಎಂದಿದ್ದರು. ಒಂದೋ ಸ್ಪರ್ಧೆಗೆ ಮತ್ತೆ ಇಳಿಯಬೇಕು, ಇಲ್ಲವೋ ಅದರಿಂದ ಪೂರ್ತಿ ಹೊರಗೆ ಬರಬೇಕು. ನಾನು ಚೀಲ ಹೊತ್ತು ಊರಿಗೆ ಬಂದೆ.

ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು. ಆ ವರ್ಷ ನಾನು ಒಂದೂ ಕೋಲು ಮುರಿದಿರಲಿಲ್ಲ. ನಮ್ಮ ಟೂರ್ನಿಗಳಲ್ಲಿ ಎರಡು ದಿನದ ಆಟವಾದ ಮೇಲೆ ಹಿಂದೆ ಬಿದ್ದವರನ್ನೆಲ್ಲ ತೆಗೆದುಬಿಡುತ್ತಾರೆ, ಅದಕ್ಕೆ ಕಟ್ ಎನ್ನುತ್ತೇವೆ. ಕಟ್ ತಪ್ಪಿದವನು ಬರಿಗೈಯಲ್ಲಿ ಬಂದ ದಾರಿ ಹಿಡಿಯಬೇಕು. ಮೊದಲೆಲ್ಲ ಹಾಗಾದಾಗ ರಾತ್ರಿಯೂಟ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಆ ವರ್ಷ ಒಂದರ ಮೇಲೊಂದು ಕಟ್ ತಪ್ಪಿದರೂ ನಾನು ಆರಾಮಾಗಿ ಉಂಡೆ, ರೈಲಿನಲ್ಲಿ ಕೂತವನೇ ಗೊರಕೆ ಹೊಡೆದೆ. ಜತೆಯವರು ಬೆನ್ನು ತಟ್ಟಿ, ಈಗ ನೀನು ಪಕ್ವವಾದೆ ಎಂದರು. ನಾನೂ ಹೌದೆಂದುಕೊಂಡೆ. ಸಿಟ್ಟು ಹೋದದ್ದನ್ನು ಒಳ್ಳೆಯದಕ್ಕೆಂದೇ ಎಣಿಸಿದೆ, ಅದರ ಜತೆಗೆ ಮತ್ತೇನಾದರೂ ಹೋಗಿದೆಯೋ ಎಂದು ಹುಡುಕಲು ಹೋಗಲಿಲ್ಲ.

ಊರಲ್ಲಿ ಕೊಯ್ಲು ಮುಗಿದಿತ್ತು. ಕೂಳೆ ಉಳಿದ ಗದ್ದೆಯಲ್ಲಿ ದನ ಮೇಯುತ್ತಿದ್ದವು. ನಾನು ಬೆಳಿಗ್ಗೆ ಅವುಗಳಿಂದ ದೂರ ಒಂದು ಮೂಲೆಯಲ್ಲಿ ನಿಂತು ಚೆಂಡು ಹೊಡೆಯುತ್ತಿದ್ದೆ. ಹೊಡೆದ ಚೆಂಡನ್ನು ನಾನೇ ಹೋಗಿ ಆರಿಸಿ ತರಬೇಕು. ಬೇಲಿಯಾಚೆ ನಿಂತು ನೋಡುತ್ತಿದ್ದ ಹೆಂಗಸೊಬ್ಬಳು, "ಅಷ್ಟ್ ದೂರ ಒಗ್ದು ಮತ್ತೆ ತರೂಕೆ ಹೋಗೂದಾದ್ರೆ ಒಗ್ಯೂದು ಎಂತಕ್ಕೆ?" ಎಂದು ಕೇಳಿದಳು. ನಾನು ನಕ್ಕು ಚೆಂಡು ಆರಿಸಲು ಹೊರಟೆ.

ಆಯಿಯ, ಎಂದರೆ ಅಮ್ಮನ, ಮನಸ್ಸು ಸ್ಪಷ್ಟವಿತ್ತು. "ಸಂಬಳದ್ ಕೆಲ್ಸ ಬಂದದೆ, ಹಿಡಿ. ಹೆಣ್ ಕೊಡೂಕೆ ಬಂದವ್ರಿಗೆ ನಾ ಎಷ್ಟ್ ದಿನ ಆಡ್ತಾನೆ, ಆಡ್ತಾನೆ ಅಂತ ಹೇಳ್ಲಿ?" ಎಂದಳು. ಅಪ್ಪ ಮಾತ್ರ ಕುಚ್ಚಿಗೆ ಅಕ್ಕಿಯ ಗಂಜಿಯನ್ನು ಸದ್ದಿಲ್ಲದೆ ಉಣ್ಣುತ್ತಿದ್ದರು. ಉಂಡು ಕೈ ತೊಳೆದು ಬಂದು, "ಆ ಕ್ಲಬ್ಬಲ್ಲಿ ಪಿ.ಎಫ್. ಅದೆಯೋ?" ಎಂದರು.

ನನಗೆ ತಡೆಯಲಾಗಲಿಲ್ಲ. "ಆಟ ಬಿಡು ಅಂತ ಬಾಯ್ಬಿಟ್ಟು ಒಂದ್ಸಲ ಹೇಳಿಬಿಡಿ. ಪಿ.ಎಫ್. ಪಿ.ಎಫ್. ಅಂತ ಯಾಕೆ ಸುತ್ತಿ ಬಳಸಿ ಬರ್ತೀರಿ?" ಎಂದು ಕೂಗಾಡಿದೆ. ಆಡುತ್ತೇನೆ, ಅರ್ಹತಾ ಪಂದ್ಯಕ್ಕೆ ಹೋಗಿಯೇ ಹೋಗುತ್ತೇನೆ, ಯಾರ ಅಪ್ಪಣೆಯೂ ಬೇಡ ಎಂದೂ ಸೇರಿಸಿದೆ. ಅಪ್ಪ ಹೆಗಲ ಮೇಲಿನ ಪಂಚೆಯಿಂದ ಕೈ ಒರೆಸಿಕೊಂಡರು.

"ನಾ ಯಾರು ಹೇಳೂಕೆ? ನಾಳೆ ಬೆಳಿಗ್ಗೆ ಪ್ರಸಾದ ಕೇಳ್ವ."

ಪ್ರಸಾದ ಕೇಳುವುದೆಂದರೆ ದೇವರ ಮೈಗೆ ಹೂವಿನ ಎಸಳುಗಳನ್ನು ನೀರು ಹಚ್ಚಿ ಅಂಟಿಸಿ ಪ್ರಶ್ನೆ ಕೇಳುವುದು. ಬಲಗಡೆಯ ಎಸಳು ಮೊದಲು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಬೇಡ. ಅಪ್ಪ ಬಾವಿ ತೋಡಿಸಿದ್ದು ಹೀಗೆ ಕೇಳಿ, ಅಕ್ಕನ ಮದುವೆ ಗೊತ್ತು ಮಾಡಿದ್ದು ಹೀಗೆ ಕೇಳಿ. ಒಮ್ಮೆ ಸಾಗವಾನಿಯ ಬಾಗಿಲು ಮಾಡಿಸಲು ಹೊರಟು ಎಡಕ್ಕೆ ಬಿತ್ತೆಂದು ಹಳೇ ಬಾಗಿಲನ್ನೇ ಉಳಿಸಿಕೊಂಡರು. ದೇವರು ಎಡಕ್ಕೆ ಕೊಟ್ಟದ್ದನ್ನು ಅವರು ಮೀರಿದ್ದನ್ನು ನಾನು ಕಂಡಿರಲಿಲ್ಲ, ಕೇಳಿರಲೂ ಇಲ್ಲ. ನನಗೆ ಇದರಲ್ಲೆಲ್ಲ ನಂಬಿಕೆ ಇರಲಿಲ್ಲ. ಆದರೂ ಹೋದೆ. ಬಲಕ್ಕೆ ಬಿದ್ದರೆ ಅಪ್ಪನ ಬಾಯಿ ಕಟ್ಟುತ್ತದೆ, ಎಡಕ್ಕೆ ಬಿದ್ದರೆ ನಾನು ಹೇಗೂ ಕೇಳುವುದಿಲ್ಲ ಎಂಬ ಲೆಕ್ಕಾಚಾರದಲ್ಲಿದ್ದೆ.

ಗ್ರಾಮದೇವತೆಯ ಗುಡಿ ಸಣ್ಣದು. ಅಲ್ಲಿ ಪೂಜೆ ಮಾಡುವವರನ್ನು ನಮ್ಮ ಕಡೆ ಗುನಗರು ಎನ್ನುತ್ತಾರೆ. ಆ ವಯಸ್ಸಾದ ಗುನಗರು ಅಪ್ಪನ ಬಾಲ್ಯದ ಗೆಳೆಯರೂ ಹೌದು. ಕಲ್ಲಿಗೆ ನೀರು ಎರೆದು, ಕೆಂಪು ಕೇಪಳ ಹೂವಿನ ಎಸಳುಗಳನ್ನು ಎರಡೂ ಬದಿಗೆ ಹಚ್ಚಿ ನಮ್ಮ ಕಡೆ ತಿರುಗಿದರು.

ಅಪ್ಪ ಕೈ ಮುಗಿದು ಶುರು ಮಾಡಿದರು. "ನಮ್ಮ ಹುಡ್ಗ ಆಟ ಆಡ್ಬೇಕೋ, ಇಲ್ಲಾ ಆ ಕೆಲ್ಸಕ್ಕೆ ಹೋಗ್ಬೇಕೋ..."

"ಹಂಗೆ ಕೇಳೂಕಾಗೂದಿಲ್ಲ," ಎಂದರು ಗುನಗರು. "ತಾಯಿ ಹತ್ರ ಒಂದೇ ಮಾತು ಕೇಳ್ಬೇಕು. ಹೌದೋ, ಬ್ಯಾಡ್ವೋ. ಮತ್ತೆ ಯಾರ ವಿಷ್ಯವೋ ಅವ್ರೇ ಕೇಳ್ಬೇಕು. ತಮಾ, ನೀ ಮುಂದೆ ಬಾ. ಮನಸ್ಸಲ್ಲಿ ಎಂತಾ ಬೇಕು ಅಂತ ಅದೆಯೋ ಅದನ್ನ ಬಲಕ್ಕೆ ಇಟ್ಟು ಕೇಳು."

ನಾನು ಮುಂದೆ ಹೋದೆ. ಅರ್ಹತಾ ಪಂದ್ಯಕ್ಕೆ ಹೋಗಲೇ ಎಂದು ಕೇಳುವುದಿತ್ತು. ಹಿಂದಿನ ದಿನ ಮನೆ ಹಾರಿಹೋಗುವಂತೆ ಕೂಗಿ ಹೇಳಿದ್ದು ಅದನ್ನೇ. ಬಾಯಿ ತೆರೆದೆ.

"ಆ ಕ್ಲಬ್ಬಿನ ಕೆಲಸಕ್ಕೆ ಸೇರಲಾ, ತಾಯೀ?"

ನನ್ನ ದನಿ ನನಗೇ ಕೇಳಿಸಿತು. ಯಾರೂ ನನ್ನ ಬಾಯಿಂದ ಅದನ್ನು ಹೊರಡಿಸಿರಲಿಲ್ಲ. ಅಷ್ಟು ವರ್ಷ ಹೊತ್ತು ತಿರುಗಿದ್ದನ್ನು ಕೆಳಗಿಡಲು ಜಾಗ ಸಿಕ್ಕಂತೆ ಮೈಯೆಲ್ಲ ಸಡಿಲವಾಯಿತು, ಅದರ ಹಿಂದೆಯೇ ಹೇಳಲಾಗದಷ್ಟು ನಾಚಿಕೆಯಾಯಿತು. ಅಪ್ಪನಿಗೆ ಈಗ ಸಮಾಧಾನವಾಗಿರಬೇಕು ಎಂದು ಅವರ ಕಡೆ ನೋಡಿದೆ.

ಅಪ್ಪನ ಮುಖದಲ್ಲಿ ಸಮಾಧಾನ ಇರಲಿಲ್ಲ. ಮುಗಿದ ಕೈ ಮುಗಿದಂತೆಯೇ ಇತ್ತು. ಯಾರೋ ತೀರಿಕೊಂಡ ಸುದ್ದಿ ತಂದವರ ಎದುರು ಅವರು ಹಾಗೆ ನಿಂತದ್ದನ್ನು ನೋಡಿದ್ದೆ. ಅಪ್ಪ, ನಾನು ಆಡುತ್ತಲೇ ಇರಬೇಕೆಂದು ಬಯಸಿದ್ದರು ಎಂದು ನನಗೆ ಆಗ ತಿಳಿಯಿತು. ಪಿ.ಎಫ್. ಕೇಳಿದ್ದು ಬಿಡಿಸಲಿಕ್ಕಲ್ಲ. ಮಗ ಇದರಲ್ಲೇ ಮುದುಕನಾಗುತ್ತಾನೆ, ಆಗ ಇವನ ಗತಿ ಏನು ಎಂಬ ಚಿಂತೆಯಿಂದ ಕೇಳಿದ್ದರು. ಬಾಯಿ ಬಿಟ್ಟು ಹೇಳುವ ರೂಢಿ ಅವರಿಗೂ ಇರಲಿಲ್ಲ, ಕೇಳುವ ತಾಳ್ಮೆ ನನಗೂ ಇರಲಿಲ್ಲ.

ಪ್ರಶ್ನೆ ಕೇಳಿ ಆಗಿತ್ತು, ಇನ್ನು ಕಾಯಬೇಕು. ನೀರು ಕಲ್ಲಿನಿಂದ ಜಿನುಗುತ್ತಿತ್ತು. ಎಸಳುಗಳು ಅಲುಗಾಡದೆ ಕೂತಿದ್ದವು. ಗುನಗರು ಕಣ್ಣು ಮುಚ್ಚಿ ಏನೋ ಹೇಳಿಕೊಳ್ಳುತ್ತಿದ್ದರು. ಇದನ್ನೆಲ್ಲ ನಂಬದ ನಾನು, ಬಲಕ್ಕೆ ಬೀಳಲಿ, ಬಲಕ್ಕೆ ಬೀಳಲಿ ಎಂದು ಉಸಿರು ಬಿಗಿಹಿಡಿದು ಬೇಡಿಕೊಳ್ಳುತ್ತಿದ್ದೆ. ಯಾವ ಪಂದ್ಯದಲ್ಲೂ ಅಷ್ಟು ಆಸೆಪಟ್ಟದ್ದು ನೆನಪಿಲ್ಲ.

ಎಡಗಡೆಯ ಎಸಳು ಜಾರಿ ಬಿತ್ತು.

"ಎಡ ಆಯ್ತು," ಎಂದರು ಗುನಗರು. "ಆ ಕೆಲ್ಸ ಬ್ಯಾಡಂತೆ, ತಮಾ."

ಅಪ್ಪ ಬಯಸಿದ್ದನ್ನೇ ದೇವಿ ಕೊಟ್ಟಿದ್ದಳು. ನೋಡು, ತಾಯಿಯೇ ಹೇಳಿದಳು, ಹೋಗಿ ಆಡು ಎಂದು ಅವರು ಒಂದು ಮಾತು ಹೇಳಿದ್ದರೆ ನಾನು ಬಾಯಿ ಮುಚ್ಚಿಕೊಂಡು ಹೋಗಿ ಆಡುತ್ತಿದ್ದೆ. ಅವರ ಆ ಮುಖ ನೋಡಿದ ಮೇಲೆ ಎದುರಾಡುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ. ಅಪ್ಪ ಹೊಸ್ತಿಲ ಬಳಿ ಬಗ್ಗಿ ಗೆಳೆಯನ ಮುಂದೆ ಅಂಗೈ ಚಾಚಿದರು.

"ಆ ಹೂ ನಂಗ್ ಕೊಡು."

"ಎಡದ್ ಹೂ ಯಾರೂ ಒಯ್ಯೂದಿಲ್ಲ, ಮಾರಾಯಾ. ಇಲ್ಲೇ ಬಿಡೂದು," ಎಂದರು ಗುನಗರು.

"ಗೊತ್ತದೆ. ಕೊಡು."

ಗುನಗರು ನನ್ನ ಮುಖ ನೋಡಿದರು, ಅಪ್ಪನ ಮುಖ ನೋಡಿದರು, ಒದ್ದೆ ಎಸಳನ್ನು ಎತ್ತಿ ಅವರ ಅಂಗೈಯಲ್ಲಿಟ್ಟರು. ಅಪ್ಪ ಅದನ್ನು ಕಣ್ಣಿಗೊತ್ತಿಕೊಂಡು ತಮ್ಮ ಕಿವಿಯ ಮೇಲೆ ಇಟ್ಟುಕೊಂಡರು.

"ತಾಯಿ ಬ್ಯಾಡ ಅಂದದ್ದು ನೀ ಆಡ್ತಾ ಇರ್ಬೇಕು ಅನ್ನೂ ನನ್ ಆಸೆಗೆ," ಎಂದರು. "ಅದು ನನ್ನ್ ಮೇಲೇ ಇರ್ಲಿ. ನೀ ಬಲಕ್ಕೆ ಎಂತಾ ಇಟ್ಟೆ ಅಂತ ನನ್ನ್ ಕಿವಿಗೆ ಬಿತ್ತು. ನಡಿ, ಆ ಕ್ಲಬ್ಬಿನವ್ರಿಗೆ ಫೋನ್ ಮಾಡಿ ಬರ್ತೆ ಅಂತ ಹೇಳು."