ನಾಡಿ ಎಣಿಸುವಷ್ಟು ಹೊತ್ತು

ಹೋದ ಶನಿವಾರ ಮಗನಿಗೆ ಗಿಡ್ಡವಾದ ಯೂನಿಫಾರ್ಮುಗಳನ್ನು ಕೊಟ್ಟುಬರಲು ಪಾಪಕುರಾದ ಆಪ್ ಶಾಪಿಗೆ ಹೋಗಿದ್ದೆ. ಜನ ಬೇಡವೆಂದು ಕೊಟ್ಟ ಸಾಮಾನುಗಳನ್ನು ಮಾರುವ ಅಂಗಡಿ ಅದು. ಒಳಗೆ ಕಾಲಿಟ್ಟರೆ ಹಳೆಯ ಬಟ್ಟೆ, ನುಸಿಗುಳಿಗೆ, ಯಾರದೋ ಮನೆಯ ಸೋಪು, ಎಲ್ಲ ಬೆರೆತ ವಾಸನೆ. ಕೌಂಟರಿನ ಪಕ್ಕದ ಬುಟ್ಟಿಯಲ್ಲಿ ಹರಿದ ಸರ, ಒಂಟಿ ಓಲೆಗಳ ನಡುವೆ ಒಂದು ನರ್ಸ್ ಗಡಿಯಾರ ಬಿದ್ದಿತ್ತು. ಎದೆಯ ಮೇಲೆ ಪಿನ್ನು ಹಾಕಿ ತಲೆಕೆಳಗಾಗಿ ಇಳಿಬಿಡುವಂಥದ್ದು. ಹಾಕಿಕೊಂಡವರು ಕತ್ತು ಬಗ್ಗಿಸಿ ನೋಡಿದರೆ ಮಾತ್ರ ನೆಟ್ಟಗೆ ಕಾಣುತ್ತದೆ. ನಿಂತುಹೋಗಿತ್ತು. ಕೈಗೆತ್ತಿಕೊಂಡು ಮೊದಲು ಹಿಂದೆ ತಿರುಗಿಸಿ ಯಾರ ಹೆಸರಾದರೂ ಇದೆಯೇ ಎಂದು ನೋಡಿದೆ. ಇರಲಿಲ್ಲ. ಅದು ನಮ್ಮ ಹಳೆಯ ನೆರೆಮನೆಯ ನರ್ಸ್ ಆಂಟಿಯದ್ದಾಗಿರಲು ಸಾಧ್ಯವೇ ಇರಲಿಲ್ಲ, ಅವರು ಈ ದೇಶವನ್ನೇ ಬಿಟ್ಟು ಹೋಗಿದ್ದರು. ಆದರೂ ನೋಡಿದೆ. ನನ್ನದು ಹುಟ್ಟಿದಾಗಿನಿಂದಲೂ ಅನುಮಾನದ ಸ್ವಭಾವ. ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವ ಟೆಸ್ಟಿಂಗ್ ಕೆಲಸ ನನಗೆ ಒಗ್ಗಿದ್ದೂ ಅದಕ್ಕೇ ಇರಬೇಕು.

ಗಡಿಯಾರವನ್ನು ಕೊಂಡು ಕೈಚೀಲಕ್ಕೆ ಹಾಕಿಕೊಂಡೆ. ಆ ಚೀಲದಲ್ಲಿ ಶುಕ್ರವಾರ ಆಫೀಸಿನಿಂದ ತಂದ ಎರಡು ಸಿವಿಗಳಿದ್ದವು. ಅವುಗಳ ತಕರಾರು ಏನೆಂದು ಆಮೇಲೆ ಹೇಳುತ್ತೇನೆ. ಮೊದಲು ಆಂಟಿಯ ವಿಷಯ...

ಏಳೆಂಟು ವರ್ಷದ ಹಿಂದಿನ ಮಾತು. ಒಂದೇ ಡ್ರೈವ್‌ವೇ ಹಂಚಿಕೊಂಡ ಎರಡು ಮನೆಗಳಲ್ಲಿ ಹಿಂದಿನ ಮನೆ ನಮ್ಮದು, ಬಾಡಿಗೆಯದು. ಗಂಡನಿಗೆ ಈಸ್ಟ್ ತಮಾಕಿಯ ಕಾರ್ಖಾನೆಯೊಂದರಲ್ಲಿ ಕೆಲಸ. ನಾನು ಹುಬ್ಬಳ್ಳಿಯಲ್ಲಿ ಆರು ವರ್ಷ ಟೆಸ್ಟಿಂಗ್ ಮಾಡಿ, ಮಗ ಹುಟ್ಟಿದ ಮೇಲೆ ಎರಡು ವರ್ಷ ಮನೆಯಲ್ಲಿದ್ದು, ಗಂಡನ ಬೆನ್ನಿಗೆ ಈ ಪರದೇಶಕ್ಕೆ ಬಂದವಳು. ಇಲ್ಲಿ ಐಟಿ ಕೆಲಸವೆಂದರೆ ಹೆಚ್ಚಾಗಿ ಮೂರು ತಿಂಗಳ, ಆರು ತಿಂಗಳ ಗುತ್ತಿಗೆ. ದಿನಕ್ಕೆರಡು ಸಿವಿ ಕಳಿಸುತ್ತಿದ್ದೆ. ಸಂದರ್ಶನಕ್ಕೆ ಬಾ ಎಂದು ಒಬ್ಬರೂ ಕರೆಯಲಿಲ್ಲ. ಗಂಡ ಏನೂ ಅನ್ನುತ್ತಿರಲಿಲ್ಲ, ಅವನು ಅನ್ನದಿರುವುದೂ ನನಗೆ ಅನುಮಾನವೇ. ಇನ್ನೊಂದು ವರ್ಷ ಹೀಗೇ ಕಳೆದರೆ ನನ್ನನ್ನು ಯಾರೂ ಟೆಸ್ಟರ್ ಎಂದು ನಂಬುವುದಿಲ್ಲ, ಕೊನೆಗೆ ನಾನೂ ನಂಬುವುದಿಲ್ಲ ಎಂಬ ಹೆದರಿಕೆಯಿತ್ತು.

ಮುಂದಿನ ಮನೆಯಲ್ಲಿ ಆಂಟಿ ಒಬ್ಬರೇ ಇದ್ದರು. ಬೀದರ್ ಕಡೆಯವರು, ಅಲ್ಲಿಯೇ ನರ್ಸಿಂಗ್ ಕಲಿತವರು, ಭಾನುವಾರ ತಪ್ಪದೆ ಚರ್ಚಿಗೆ ಹೋಗುವವರು. ಗಂಡ ತೀರಿಹೋಗಿದ್ದರು, ಮಗ ಪರ್ತ್‌ನಲ್ಲಿದ್ದ. ಒಂದು ಬೆಳಿಗ್ಗೆ ಡ್ಯೂಟಿ ಮುಗಿಸಿ ಬಂದವರು ಮನೆಗೆ ಹೋಗದೆ ನೇರ ನಮ್ಮ ಬಾಗಿಲಿಗೇ ಬಂದರು. ಕೈಯಲ್ಲಿ ನನ್ನದೇ ಸಿವಿಯ ನಾಲ್ಕು ಹಾಳೆ.

"ಗಾಳೀಗಿ ನಿಮ್ಮ ಕಸದ ಬಿನ್ನಿಂದ ಹಾರಿ ಬಂದಿತ್ತು ನೋಡವ್ವ. ಓದೀನಿ, ತಪ್ಪು ತಿಳ್ಕೋಬ್ಯಾಡ. ಇದರಾಗ ನಿಮ್ಮಪ್ಪನ ಹೆಸರದ, ಮದುವಿ ಆಗ್ಯಾದಂತ ಅದ, ಫೋಟೋ ಅದ, ಕಡೀಗಿ ಇದೆಲ್ಲಾ ಖರೇ ಅಂತ ಆಣಿ ಮಾಡಿ ಸಹಿನೂ ಹಾಕೀದಿ. ನೀ ಮಾಡಿದ್ದು ಏನು, ಅದೆಲ್ಲಿ ಅದ?"

ನಾನು ನಕ್ಕೆ. ಒಳಗೆ ಮಾತ್ರ, ಈ ದಿನ ಗಾಳಿ ಎಲ್ಲಿ ಬೀಸಿದೆ ಎಂದು ಯೋಚಿಸುತ್ತಿದ್ದೆ. ಎದುರಿನ ಮರದ ಒಂದು ಎಲೆಯೂ ಅಲ್ಲಾಡಿರಲಿಲ್ಲ. ಬಿನ್ನಿನ ಮುಚ್ಚಳ ತೆಗೆದು ಎತ್ತಿಕೊಂಡರೇ? ನರ್ಸಿಗೂ ಐಟಿ ಸಿವಿಗೂ ಎಲ್ಲಿಯ ನಂಟು?

ನಂಟು ಅವರ ಎದೆಯ ಮೇಲೆ ತೂಗುತ್ತಿತ್ತು. ಮರುದಿನ ಅವರ ಅಡುಗೆಮನೆಯ ಮೇಜಿಗೆ ಕೂರಿಸಿಕೊಂಡು, ಹಾಳೆಯನ್ನು ಎದುರಿಗಿಟ್ಟು, ಕತ್ತು ಬಗ್ಗಿಸಿ ಗಡಿಯಾರ ನೋಡುತ್ತಾ ಓದಿದರು. ಅರ್ಧ ನಿಮಿಷ. ನಾಡಿ ಎಣಿಸುವಾಗ ಕೊಡುವಷ್ಟು ಹೊತ್ತು, ಅಷ್ಟೇ. ಹಾಳೆ ಮಗುಚಿಟ್ಟು, ತಮಗೆ ನೆನಪುಳಿದದ್ದನ್ನು ಹೇಳಿದರು. ನನ್ನ ಆರು ವರ್ಷದಿಂದ ಅವರಿಗೆ ನೆನಪುಳಿದದ್ದು ನನ್ನ ಹವ್ಯಾಸ ರಂಗೋಲಿ ಎಂಬುದೊಂದೇ. ಕೆಲಸ ಕೊಡುವವರೂ ಒಂದು ಹಾಳೆಗೆ ಇದಕ್ಕಿಂತ ಹೆಚ್ಚು ಹೊತ್ತು ಕೊಡುವುದಿಲ್ಲ ಎಂದರು. ನನಗೆ ಅವಮಾನವಾಯಿತು, ಸುಳ್ಳೇಕೆ ಹೇಳಲಿ.

ಆಮೇಲೆ ವಾರ್ಡಿನಲ್ಲಿ ಪಾಳಿ ಬದಲಾಗುವಾಗ ಒಬ್ಬ ನರ್ಸ್ ಇನ್ನೊಬ್ಬಳಿಗೆ ರೋಗಿಯ ವಿಷಯ ಒಪ್ಪಿಸುವ ರೀತಿಯನ್ನು ಹೇಳಿಕೊಟ್ಟರು. ಏನಾಗಿತ್ತು, ನೀನೇನು ಮಾಡಿದೆ, ಮಾಡಿದ ಮೇಲೆ ಏನಾಯಿತು. ಬೇರೆ ಯಾರಿಗೂ ಕಾಣದೆ ನಿನಗೊಬ್ಬಳಿಗೇ ಕಂಡ ತಪ್ಪು ಯಾವುದಾದರೂ ಇದೆಯೇ ಎಂದು ಕೇಳಿದರು. ಇತ್ತು. ಔಷಧಿ ಗೋದಾಮಿನ ಸಾಫ್ಟ್‌ವೇರ್ ಅದು. ಅವಧಿ ಮುಗಿದು ವಾಪಸು ಬಂದ ಔಷಧಿ ಮತ್ತೆ ಹೊಸ ದಾಸ್ತಾನಿಗೇ ಸೇರುತ್ತಿತ್ತು. ಎಲ್ಲರೂ ಸೈ ಅಂದಾಗಿತ್ತು. ನಾನೊಬ್ಬಳು ಅಡ್ಡ ನಿಂತು, ಬೈಸಿಕೊಂಡು, ಬಿಡುಗಡೆ ನಿಲ್ಲಿಸಿದ್ದೆ. ಆಂಟಿ ಕೈಯಲ್ಲಿದ್ದ ಚಹಾ ಕೆಳಗಿಟ್ಟರು.

"ಯವ್ವಾ, ಮಂದಿ ಸಾಯ್ತಿದ್ರಲ್ಲೇ! ಇಂಥಾದ್ದು ಬಿಟ್ಟು ರಂಗೋಲಿ ಬರ್ದೀದಿ?"

ನಾಲ್ಕು ಪುಟ ಎರಡಾಯಿತು. ಗೊತ್ತಿದ್ದ ಗೊತ್ತಿಲ್ಲದ ಟೆಸ್ಟಿಂಗ್ ಸಲಕರಣೆಗಳ ಉದ್ದದ ಪಟ್ಟಿ ಹೋಯಿತು, ಅಪ್ಪನ ಹೆಸರು ಹೋಯಿತು, ಔಷಧಿಯ ಕಥೆ ಮೊದಲ ಸಾಲಿಗೆ ಬಂತು. ಒಂದು ಕಡೆ ಅವರ ಬೆರಳು ನಿಂತಿತು. ಮನೆಯಲ್ಲಿದ್ದ ಎರಡು ವರ್ಷ ಕಾಣದಿರಲಿ ಎಂದು ಹಳೆಯ ಕೆಲಸದ ತಾರೀಖನ್ನು ನಾನು ಮುಂದಕ್ಕೆ ಎಳೆದಿದ್ದೆ. ಮಗನ ವಯಸ್ಸು ಅವರಿಗೆ ಗೊತ್ತಿತ್ತು. ಬೈಯಲಿಲ್ಲ. ಮಗು ಸಾಕಿದೆ ಎಂದು ಬರಿ, ಅದು ಕಳವಲ್ಲ ಎಂದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ನಾನು ಅವರ ಮೇಲೆಯೇ ರೇಗಿದೆ.

"ಇಷ್ಟೆಲ್ಲಾ ಮಾಡಾಕತ್ತೀರಲ್ಲ, ಇದ್ರಾಗ ನಿಮಗೇನ್ ಸಿಗತೈತ್ರಿ ಆಂಟಿ?"

"ನನ್ನ ಕಾಗದಾನೂ ಒಬ್ಬಾಕಿ ಹಿಂಗೇ ಓದಿ ಕೊಟ್ಟಿದ್ಳವ್ವ," ಅಂದರು. ಅದು ಒಂದು ಉತ್ತರ ಎಂದು ನನಗೆ ಅನ್ನಿಸಲಿಲ್ಲ.

ಪುಕ್ಕಟೆ ಬಂದದ್ದರ ಮೇಲೆ ನನಗೆ ಯಾವತ್ತೂ ನಂಬಿಕೆಯಿಲ್ಲ. ಆಂಟಿ ತಿದ್ದಿದ ಸಿವಿಗಳನ್ನೆಲ್ಲ ಎಕ್ಸ್‌ರೇ ಫಿಲ್ಮಿನ ಹಳೆಯ ಕವರಿನಲ್ಲಿ ಇಡುತ್ತಿದ್ದರು. ಒಂದು ದಿನ ಅವರು ಒಳಗೆ ಹೋದಾಗ ಇಣುಕಿದೆ. ನಮ್ಮ ಕಡೆಯ ಇನ್ನೊಬ್ಬ ಹುಡುಗಿಯ ಸಿವಿ ಮೇಲಿತ್ತು, ನನ್ನದು ಅಡಿಯಲ್ಲಿತ್ತು. ಫೋನ್ ಬಂದರೆ ಹಿತ್ತಿಲಿಗೆ ಹೋಗಿ ಗಾಜಿನ ಬಾಗಿಲು ಎಳೆದುಕೊಂಡು ಮಾತಾಡುತ್ತಿದ್ದರು. ಗಂಡನಿಗೆ ಹೇಳಿದರೆ, "ಕಾಮಾಲಿ ಕಣ್ಣಿಗೆ ಎಲ್ಲಾ ಹಳದಿನ," ಎಂದು ಮಗನಿಗೆ ಸಾಕ್ಸ್ ಹಾಕತೊಡಗಿದ.

ಅಷ್ಟರಲ್ಲಿ ಪೆನ್‌ರೋಸ್ ಬಡಾವಣೆಯ ಒಂದು ಕೆಲಸದ ಸುದ್ದಿ ಬಂತು. ಔಷಧಿ ಸಾಗಿಸುವ ಕಂಪನಿ, ಆರು ತಿಂಗಳ ಗುತ್ತಿಗೆ, ನನಗೆಂದೇ ಅಳತೆ ಕೊಟ್ಟು ಹೊಲಿಸಿದಂತಿತ್ತು. ಅಲ್ಲಿಯ ಮ್ಯಾನೇಜರನ ತಾಯಿಯನ್ನು ಆಂಟಿ ಬಹಳ ದಿನ ಆರೈಕೆ ಮಾಡಿದ್ದರಂತೆ. ಅವನು ಹೇಳಿದ, ಕಂಪನಿಗಳಿಗೆ ಜನ ಒದಗಿಸುವ ಏಜೆಂಟ್ ಮೂಲಕ ನನ್ನ ಸಿವಿ ಕಳಿಸಿದರು. ಕಳಿಸುವಾಗ ಒಂದು ಮಾತನ್ನು ಮೂರು ಸಲ ಹೇಳಿದ್ದರು. ಇಲ್ಲಿ ಒಂದು ಕೆಲಸಕ್ಕೆ ಒಬ್ಬನೇ ಏಜೆಂಟ್. ನಿನ್ನ ಪರವಾಗಿ ಕಳಿಸಲೇ ಎಂದು ಕೇಳುತ್ತಾರೆ, ಒಬ್ಬನಿಗೆ ಮಾತ್ರ ಹೂಂ ಅನ್ನಬೇಕು. ಇಬ್ಬರಿಂದ ಬಂದರೆ ಕಮಿಷನ್ನಿನ ಜಗಳ ಯಾರಿಗೆ ಬೇಕೆಂದು ಆಫೀಸಿನವರು ಎರಡನ್ನೂ ತೆಗೆದುಹಾಕುತ್ತಾರೆ.

ನನ್ನ ಕಿವಿಗೆ ಅದು ಬಿತ್ತು, ತಲೆಗೆ ಇಳಿಯಲಿಲ್ಲ. ನನ್ನ ಮದುವೆಗೆ ಅವ್ವ ಬಯೋಡೇಟಾ ಕೊಟ್ಟದ್ದು ಮಠದ ಅಜ್ಜಾರಿಗೊಂದು, ಸೋದರಮಾವನಿಗೊಂದು, ಬಳೆಗಾರ್ತಿಗೊಂದು. ಒಂದೇ ಹುಡುಗನ ಮನೆಗೆ ಎರಡು ಕಡೆಯಿಂದ ಹೋದರೆ ಅದು ಹೆಣ್ಣಿನ ಅದೃಷ್ಟ ಎನ್ನುವ ಊರು ನಮ್ಮದು. ಹತ್ತು ದಿನ ಕಳೆದರೂ ಪೆನ್‌ರೋಸಿನಿಂದ ಸುದ್ದಿಯಿಲ್ಲ. ಆ ಇನ್ನೊಬ್ಬ ಹುಡುಗಿಗೆ ಎಲ್ಲಿಯೋ ಸಂದರ್ಶನ ಬಂತೆಂದು ಆಂಟಿಯೇ ಸಂಭ್ರಮದಿಂದ ಹೇಳಿದರು. ನನ್ನದನ್ನು ಕಳಿಸಿಯೇ ಇಲ್ಲ, ಅವಳದ್ದನ್ನು ಕಳಿಸಿದ್ದಾರೆ ಎಂದು ಆ ಗಳಿಗೆಯಲ್ಲಿ ಖಾತ್ರಿಯಾಯಿತು. ಅದೇ ವಾರ ಬೇರೊಬ್ಬ ಏಜೆಂಟ್ ಫೋನ್ ಮಾಡಿ, ಕಂಪನಿಯ ಹೆಸರು ಹೇಳದೆ, ಪೆನ್‌ರೋಸಿನ ಒಂದು ಔಷಧಿ ಗೋದಾಮು ಎಂದ. ಅದೇ ಎಂದು ನನಗೆ ಗೊತ್ತಾಯಿತು. ಹೂಂ ಅಂದೆ. ಆಂಟಿ ತಿದ್ದಿಕೊಟ್ಟ ಸಿವಿಯನ್ನೇ ಕಳಿಸಿದೆ.

ನಾಲ್ಕನೆಯ ದಿನ ಸಂಜೆ ಆಂಟಿ ಬಂದರು. ಒಳಗೆ ಬರಲಿಲ್ಲ, ಮೆಟ್ಟಿಲ ಮೇಲೇ ನಿಂತರು. ಯೂನಿಫಾರ್ಮಿನಲ್ಲೇ ಇದ್ದರು.

"ಎರಡು ಕಡಿಂದ ಹೋಗ್ಯಾದಂತವ್ವ. ಎರಡೂ ತೆಗೆದ್ ಹಾಕ್ಯಾರ. ಮತ್ತೊಬ್ಬರಿಗಿ ಏನರ ಹೂಂ ಅಂದೀದೇನು?"

"ಇಲ್ರಿ ಆಂಟಿ," ಅಂದೆ. ನಾಲಿಗೆ ತಡವರಿಸಲೂ ಇಲ್ಲ.

ನನ್ನ ಮುಖವನ್ನೇ ನೋಡಿದರು. ಗಡಿಯಾರ ನೋಡಲಿಲ್ಲ, ಆದರೆ ಅಷ್ಟೇ ಹೊತ್ತು... ಆಮೇಲೆ, "ಹಂಗಾರ ನನ್ನ ಕಡಿಂದೇ ಏನೋ ತಪ್ಪಾಗಿರಬೇಕು ಬಿಡು," ಎಂದು ತಮ್ಮ ಮನೆಯತ್ತ ಹೊರಟುಹೋದರು. ನಂಬಿದರು ಎಂದುಕೊಂಡೆ. ತಪ್ಪೊಪ್ಪಿಕೊಂಡರಲ್ಲ, ಹಾಗಾದರೆ ಏನೋ ಮಾಡಿಯೇ ಇದ್ದಾರೆ ಎಂದೂ ಅಂದುಕೊಂಡೆ. ಇದನ್ನು ಬರೆಯಲು ಈಗ ನಾಚಿಕೆಯಾಗುತ್ತದೆ.

ಎರಡು ತಿಂಗಳ ಮೇಲೆ ಆ ಪೆನ್‌ರೋಸಿನ ಮ್ಯಾನೇಜರನೇ ಬೇರೊಂದು ಗುತ್ತಿಗೆಗೆ ನನ್ನನ್ನು ಸಂದರ್ಶನಕ್ಕೆ ಕರೆದ. ಔಷಧಿಯ ಕಥೆ ಅವನಿಗೆ ಮರೆತಿರಲಿಲ್ಲವಂತೆ. ಕೂತ ಕೂಡಲೇ ಆತ, ಹೋದ ಸಲದ ಗೊಂದಲ ನಿನ್ನದಲ್ಲ ಎಂದು ಗೊತ್ತು, ನಿನ್ನ ಸಿವಿಯನ್ನು ಇಬ್ಬರ ಕೈಗೂ ಕೊಟ್ಟದ್ದು ತಾನೇ ಎಂದು ಸಿಸ್ಟರ್ ಫೋನ್ ಮಾಡಿ ಕ್ಷಮೆ ಕೇಳಿದರು ಎಂದ. ಒಳ್ಳೆಯ ಹೆಂಗಸು, ಆದರೆ ಇನ್ನು ಮುಂದೆ ಯಾರನ್ನೂ ಕಳಿಸಬೇಡಿ ಎಂದು ಹೇಳಬೇಕಾಯಿತು ಎಂದೂ ಅಂದ.

ಆ ಹೊತ್ತಿನಲ್ಲಿ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ತಲೆಯಾಡಿಸಿದೆ. ಕೆಲಸ ಸಿಕ್ಕಿತು.

ಪೇಡೆ ತೆಗೆದುಕೊಂಡು ಆಂಟಿಯ ಮನೆಗೆ ಹೋದೆ, ಎಲ್ಲ ಹೇಳಿಬಿಡುವುದೆಂದು. ಅವರು ನನ್ನ ಗಲ್ಲ ಸವರಿ, ಲಟಿಕೆ ಮುರಿದು, ಮೊದಲ ದಿನ ಊಟದ ಡಬ್ಬಿ ಒಯ್ಯುವುದನ್ನು ಮರೆಯಬೇಡ ಎಂದರು. ಯಾವಾಗಲೂ ಮೇಜಿನ ಮೇಲಿರುತ್ತಿದ್ದ ಸಿವಿಗಳ ಎಕ್ಸ್‌ರೇ ಕವರ್ ಅಲ್ಲಿರಲಿಲ್ಲ. ಕಣ್ಣಿಗೆ ಬಿತ್ತು, ಕೇಳಲಿಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡು ಎದ್ದು ಬಂದೆ. ಆ ನಾಳೆಗೆ ಎಷ್ಟೊಂದು ದಿನ ಸೇರಿದವು... ಮುಂದಿನ ವರ್ಷ ಅವರು ನಿವೃತ್ತರಾಗಿ ಮಗನ ಹತ್ತಿರ ಪರ್ತ್‌ಗೆ ಹೋದರು. ಅಲ್ಲಿಯೇ ತೀರಿಕೊಂಡ ಸುದ್ದಿ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಬಂತು. ಯೂನಿಫಾರ್ಮಿನ ಹಳೆಯ ಫೋಟೋ, ಎದೆಯ ಮೇಲೆ ಅದೇ ಗಡಿಯಾರ. "ಓಂ ಶಾಂತಿ" ಎಂದು ಬರೆದೆ. ಅವರು ಚರ್ಚಿನವರು ಎಂದು ನೆನಪಾಗಿ ಅಳಿಸಿದೆ.

ಈಗ ನಾನು ಟೆಸ್ಟಿಂಗ್ ತಂಡದ ಮುಖ್ಯಸ್ಥೆ, ಸಿವಿಗಳು ನನ್ನ ಮೇಜಿಗೇ ಬರುತ್ತವೆ. ಶುಕ್ರವಾರ ಚೀಲಕ್ಕೆ ಹಾಕಿಕೊಂಡ ಆ ಎರಡೂ ಒಬ್ಬನೇ ಹುಡುಗನವು. ಒಂದೇ ಕೆಲಸಕ್ಕೆ, ಇಬ್ಬರು ಏಜೆಂಟರಿಂದ. ಹೆಸರು ನೋಡಿದರೆ ನಮ್ಮವನೇ. ನಿಯಮದ ಪ್ರಕಾರ ಎರಡೂ ಕಸದ ಬುಟ್ಟಿಗೆ. ಏಜೆಂಟರು ಫೋನ್ ನಂಬರನ್ನು ಅಳಿಸಿ ಕಳಿಸುತ್ತಾರೆ, ಒಬ್ಬ ಮರೆತಿದ್ದ.

ಸೋಮವಾರ ಮಧ್ಯಾಹ್ನ ಫೋನ್ ಮಾಡಿದೆ. ಯಾರು, ಎಲ್ಲಿಂದ ಎಂದು ಹೇಳಿ, ನಿಮ್ಮ ಸಿವಿ ಎರಡು ಕಡೆಯಿಂದ ಬಂದಿದೆ, ಯಾರಿಗೆ ಮೊದಲು ಒಪ್ಪಿಗೆ ಕೊಟ್ಟಿರಿ ಎಂದು ಕೇಳಿದೆ. ಹುಡುಗನಿಗೆ ಅನುಮಾನ ಬಂತು. ನನ್ನ ನಂಬರ್ ಯಾರು ಕೊಟ್ಟರು, ನೀವೇ ಯಾಕೆ ಫೋನ್ ಮಾಡುತ್ತಿದ್ದೀರಿ ಎಂದು ಇಂಗ್ಲಿಷಿನಲ್ಲಿ ಕೇಳಿದ. ಕನ್ನಡದಲ್ಲಿ ಸಮಾಧಾನ ಹೇಳಿದೆ. ಅದರಿಂದ ಅವನ ಅನುಮಾನ ಇನ್ನೂ ಹೆಚ್ಚಾಯಿತು.

"ಇಲ್ಲ ಮೇಡಂ, ನಾನು ಒಬ್ಬರಿಗೇ ಹೇಳಿರೋದು," ಅಂದ.

ಸುಳ್ಳು. ಮೊದಲ ಅಕ್ಷರಕ್ಕೇ ತಿಳಿಯಿತು. ಎಂಥ ಪೆದ್ದಿಗೂ ತಿಳಿಯುತ್ತಿತ್ತು. ಮೇಜಿನ ಮೇಲೆ ಆಪ್ ಶಾಪಿನ ಗಡಿಯಾರವಿತ್ತು. ಅದು ನಡೆಯುವುದಿಲ್ಲ, ಆದರೂ ನಾನು ಕತ್ತು ಬಗ್ಗಿಸಿ ಅದರ ಮುಳ್ಳು ನೋಡಿದೆ.

"ಹಂಗಾರ ನಮ್ಮ ಕಡಿಂದನ ಏನೋ ತಪ್ಪಾಗಿರಬೇಕು ಬಿಡ್ರಿ. ಗುರುವಾರ ಹತ್ತಕ್ಕ ಬರ್ರಿ," ಅಂದೆ.

ಫೋನ್ ಇಟ್ಟ ಮೇಲೆ ಹೊಳೆಯಿತು. ಆ ಸಂಜೆ ಮೆಟ್ಟಿಲ ಮೇಲೆ ನಿಂತಿದ್ದ ಆಂಟಿ ನನ್ನ ಮಾತನ್ನು ಒಂದು ಕ್ಷಣವೂ ನಂಬಿರಲಿಲ್ಲ.